ಬಿಡಿಭಾಗ ಕೆಟ್ಟರೂ ಬೋಟು ದಡ ಸೇರಬೇಕು

ಇವತ್ತಿನ ಸಾಫ್ಟ್‌ವೇರ್‌ನಲ್ಲಿ ನಾವೇ ಬರೆದದ್ದು ಕಡಿಮೆ, ಎಲ್ಲೆಲ್ಲಿಂದಲೋ ತಂದು ಜೋಡಿಸಿದ್ದೇ ಹೆಚ್ಚು. ತಂದ ಭಾಗ ಕೆಡದಂತೆ ತಡೆಯುವುದು ನಮ್ಮ ಕೈಲಿಲ್ಲ. ಅದು ಕೆಟ್ಟ ಹೊತ್ತಿನಲ್ಲಿ ಉಳಿದದ್ದು ನಡೆಯುವಂತೆ ಜೋಡಿಸುವುದು ನಮ್ಮ ಕೈಲಿದೆ.

ತದಡಿ ಬಂದರಿನಲ್ಲಿ ನಿಂತ ಯಾವುದಾದರೂ ಟ್ರಾಲ್ ಬೋಟಿನ ಕ್ಯಾಬಿನ್ ಹೊಕ್ಕು ನೋಡಿ. ಚುಕ್ಕಾಣಿಯ ಎದುರು ಜಿಪಿಎಸ್ ಪರದೆ, ಅದರ ಪಕ್ಕ ನೀರಿನ ಆಳವನ್ನೂ ಮೀನಿನ ಹಿಂಡನ್ನೂ ತೋರಿಸುವ ಫಿಶ್ ಫೈಂಡರ್, ಕೈಗೆಟಕುವಲ್ಲಿ ವೈರ್‌ಲೆಸ್ ಸೆಟ್, ಬೋಟು ನಡೆಸುವ ತಾಂಡೇಲನ ಜೇಬಿನಲ್ಲಿ ಆಂಡ್ರಾಯ್ಡ್ ಫೋನು. ಒಂದನ್ನು ಮಾಡಿದವರಿಗೆ ಇನ್ನೊಂದನ್ನು ಮಾಡಿದವರ ಗುರುತಿಲ್ಲ. ಅಘನಾಶಿನಿಯ ಅಳಿವೆ ದಾಟಿ ಅರಬ್ಬೀ ಸಮುದ್ರಕ್ಕಿಳಿಯುವ ಬೋಟಿಗೆಂದೇ ತಯಾರಾದದ್ದು ಇವುಗಳಲ್ಲಿ ಒಂದೂ ಇಲ್ಲ. ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹೊಂದಿಸಿಕೊಂಡದ್ದು. ಆದರೆ ದಡದ ಟವರ್ ಕೈಬಿಟ್ಟ ಮೇಲೆ ಬೋಟಿನಲ್ಲಿರುವ ಅಷ್ಟೂ ಜನರ ಜೀವ ಈ ಹೊಂದಾಣಿಕೆಯನ್ನೇ ನೆಚ್ಚಿಕೊಂಡಿರುತ್ತದೆ.

ಸಂಪರ್ಕ ಕಡಿದರೆ ಏನಾಗುತ್ತದೆ ಎಂಬುದನ್ನು ಕರಾವಳಿ ಮರೆತಿಲ್ಲ. ಮಲ್ಪೆಯಿಂದ 2018ರ ಡಿಸೆಂಬರ್‌ನಲ್ಲಿ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡ ಜಿಲ್ಲೆಯವರು. ಮಹಾರಾಷ್ಟ್ರದ ಮಾಲ್ವಣ ಕಡಲಿನ ತಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆಯ ‘ನಿರೀಕ್ಷಕ್’ ಹಡಗು ಪತ್ತೆಹಚ್ಚುವ ಹೊತ್ತಿಗೆ 2019ರ ಮೇ ತಿಂಗಳು ಬಂದಿತ್ತು. ಆ ಬಳಿಕ ಬೋಟುಗಳಿಗೆ ಉಪಗ್ರಹ ಸಂಪರ್ಕದ ಉಪಕರಣ ಬೇಕೆಂಬ ಕೂಗು ಜೋರಾಯಿತು. ಮೀನುಗಾರಿಕಾ ದೋಣಿಗಳಿಗೆ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಅಳವಡಿಸುವ 364 ಕೋಟಿ ರೂಪಾಯಿಯ ಕೇಂದ್ರ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ಸಿಕ್ಕಿತು.

ಉಪಕರಣ ಬಂದರೆ ಅರ್ಧ ಕೆಲಸ ಆದಂತೆ. ಉಪಗ್ರಹ, ರಿಸೀವರ್, ಬ್ಲೂಟೂತ್, ಫೋನು, ಆ್ಯಪ್, ಸರ್ವರ್ ಎಲ್ಲ ಸೇರಿ ಒಂದು ಸರಪಳಿ. ಇದರಲ್ಲಿ ಯಾವುದಾದರೂ ಕೊಂಡಿ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಹಾಗೆ ಕೈಕೊಟ್ಟಾಗಲೂ ವ್ಯವಸ್ಥೆ ತನ್ನ ಮುಖ್ಯ ಕೆಲಸವನ್ನು ಬಿಡದಿದ್ದರೆ ಅದಕ್ಕೆ ದೋಷ ಸಹಿಷ್ಣುತೆ ಇದೆ ಎನ್ನುತ್ತಾರೆ. ಕಡಲಿನ ಬೋಟಿಗೆ ಬೇಕಾದ ಈ ಗುಣ ಬ್ಯಾಂಕಿಗೆ, ಆಸ್ಪತ್ರೆಗೆ, ವಿಮಾನ ನಿಲ್ದಾಣಕ್ಕೆ, ನಾಡಕಚೇರಿಯ ಕಂಪ್ಯೂಟರ್‌ಗೆ ಎಲ್ಲಕ್ಕೂ ಬೇಕು.

ಸಿದ್ಧ ಸಾಮಾನಿನ ಸುಖ, ಸಂಕಟ

ಸಾಫ್ಟ್‌ವೇರ್ ಬರೆಯುವವರು ಎಲ್ಲವನ್ನೂ ಮೊದಲಿನಿಂದ ಬರೆಯುವ ಕಾಲ ಎಂದೋ ಮುಗಿಯಿತು. ಲಾಗಿನ್‌ಗೆ ಒಬ್ಬರ ಭಾಗ, ನಕಾಶೆಗೆ ಇನ್ನೊಬ್ಬರದು, ಹಣ ಪಾವತಿಗೆ ಮತ್ತೊಬ್ಬರದು, ಅಡಿಯಲ್ಲಿ ಎಲ್ಲಿಯದೋ ಆಪರೇಟಿಂಗ್ ಸಿಸ್ಟಂ ಮತ್ತು ಡೇಟಾಬೇಸ್. ಇದು ಸೋಮಾರಿತನದ ಮಾತಲ್ಲ. ಸಾವಿರಾರು ಜನ ಬಳಸಿ ಪಳಗಿದ ಭಾಗ, ನಾಲ್ಕು ಜನ ಕೂತು ಮೂರು ತಿಂಗಳಲ್ಲಿ ಬರೆದದ್ದಕ್ಕಿಂತ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಖರ್ಚೂ ಕಡಿಮೆ.

ಸಂಕಟ ಶುರುವಾಗುವುದು ಬೇರೆ ಕಡೆ. ಕೊಂಡು ತಂದ ಭಾಗದ ಒಳಗೆ ಏನಿದೆ ಎಂದು ನೋಡಲು ಹಲವು ಬಾರಿ ಅವಕಾಶವಿರುವುದಿಲ್ಲ. ಅವಕಾಶವಿದ್ದರೂ ಲಕ್ಷಗಟ್ಟಲೆ ಸಾಲು ಓದುವವರು ಯಾರು? ಅದರ ಮಾಲೀಕರು ತಮಗೆ ಬೇಕಾದಾಗ ಅಪ್‌ಡೇಟ್ ಮಾಡುತ್ತಾರೆ, ಬೇಡವಾದಾಗ ಕೈಬಿಡುತ್ತಾರೆ. 2016ರ ಮಾರ್ಚ್ 22ರಂದು ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದು ಸಾಲಿನ ತುಣುಕನ್ನು ಅದರ ಕರ್ತೃ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡರು. ಪದದ ಎಡಗಡೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಆದರೆ ಅದರ ಮೇಲೆ ನಿಂತ ಭಾಗಗಳು, ಆ ಭಾಗಗಳ ಮೇಲೆ ನಿಂತ ಭಾಗಗಳು ಹೀಗೆ ಜಗತ್ತಿನ ಸಾವಿರಾರು ಯೋಜನೆಗಳ ಕೆಲಸ ನಿಂತುಹೋಯಿತು. 2021ರ ಡಿಸೆಂಬರ್‌ನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ದಾಖಲೆ ಬರೆಯುವ ಭಾಗದಲ್ಲಿ ದೊಡ್ಡ ಬಿರುಕು ಸಿಕ್ಕಿತು. ಅದನ್ನು ಸರಿಪಡಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು, ಅದು ತಮ್ಮ ವ್ಯವಸ್ಥೆಯಲ್ಲಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದಕ್ಕೆ.

ಇವೆರಡಕ್ಕಿಂತ ಸೂಕ್ಷ್ಮವಾದ ಮೂರನೆಯ ಸಂಕಟವೂ ಇದೆ. ಪ್ರತಿ ಭಾಗವೂ ತಾನು ಹುಟ್ಟಿದ ಕಡೆಯ ಊಹೆಗಳನ್ನು ಹೊತ್ತು ತರುತ್ತದೆ. ಇಷ್ಟು ವೇಗ ಮೀರುವುದಿಲ್ಲ, ನೆಟ್‌ವರ್ಕ್ ಸದಾ ಇರುತ್ತದೆ, ಇಸವಿ ಇಷ್ಟರೊಳಗೇ ಇರುತ್ತದೆ ಎಂಬಂಥ ಊಹೆಗಳು. ಇವನ್ನು ಯಾರೂ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುವುದಿಲ್ಲ. ಊಹೆ ಸುಳ್ಳಾಗುವ ಜಾಗಕ್ಕೆ ಭಾಗವನ್ನು ಒಯ್ದಾಗಲೇ ಅದು ಬಯಲಾಗುವುದು.

ಮೂರು ಗಡಿಯಾರ, ಒಂದೇ ಕಾಯಿಲೆ

ಒಂದು ಕೆಟ್ಟರೆ ಇನ್ನೊಂದು ಇರಲಿ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಇದಕ್ಕೆ ದೊಡ್ಡ ವಂಶಾವಳಿಯೇ ಇದೆ. ನಂಬಲಾಗದ ಭಾಗಗಳಿಂದ ನಂಬಬಹುದಾದ ಯಂತ್ರ ಕಟ್ಟುವುದು ಹೇಗೆಂದು ಗಣಿತಜ್ಞ ಜಾನ್ ಫಾನ್ ನಾಯ್ಮನ್ 1956ರಲ್ಲಿ ಪ್ರಕಟವಾದ ಪ್ರಬಂಧದಲ್ಲೇ ಚರ್ಚಿಸಿದ್ದರು. ಒಂದೇ ಕೆಲಸವನ್ನು ಮೂವರಿಗೆ ಕೊಡು, ಬಹುಮತದ ಉತ್ತರವನ್ನು ಒಪ್ಪಿಕೋ ಎಂಬುದು ಅದರ ತಿರುಳು. ಲೆಕ್ಕದಲ್ಲಿ ಇದು ಸೊಗಸು. ಆದರೆ ಆ ಲೆಕ್ಕದೊಳಗೆ ಒಂದು ಷರತ್ತು ಕೂತಿದೆ: ಮೂವರೂ ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆ ಹೊತ್ತಿನಲ್ಲಿ ತಪ್ಪಬೇಕು.

ಈ ಷರತ್ತು ಮುರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾವಿಕ್ ವ್ಯವಸ್ಥೆಯೇ ಸಾಕ್ಷಿ. ಭಾರತದ್ದೇ ಆದ ಈ ಪಥದರ್ಶಕ ಉಪಗ್ರಹಗಳ ನಿರ್ವಹಣಾ ಕೇಂದ್ರ ಬೆಂಗಳೂರು ಹೊರವಲಯದ ಬ್ಯಾಲಾಳುವಿನಲ್ಲಿದೆ. ಸ್ಥಾನ ನಿರ್ಣಯದ ಜೀವಾಳ ಸಮಯ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಆದ್ದರಿಂದ 2013ರ ಜುಲೈ 1ರಂದು ಹಾರಿದ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಒಳಗೆ ಒಂದಲ್ಲ, ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ದವು. ಮೂರೂ ಸ್ವಿಟ್ಜರ್ಲೆಂಡಿನ ಒಂದೇ ಕಂಪನಿಯಿಂದ ಕೊಂಡು ತಂದವು. 2016ರಲ್ಲಿ ಶುರುವಾದ ತೊಂದರೆಯಲ್ಲಿ ಮೂರೂ ಕೈಕೊಟ್ಟವು. ಅದೇ ತಯಾರಕರ ಗಡಿಯಾರಗಳನ್ನು ಹೊತ್ತಿದ್ದ ಯುರೋಪಿನ ಗೆಲಿಲಿಯೋ ಉಪಗ್ರಹಗಳಲ್ಲೂ ಹಲವು ನಿಂತುಹೋದ ಸಂಗತಿ 2017ರ ಜನವರಿಯಲ್ಲಿ ಹೊರಬಿತ್ತು. ಬದಲಿಯಾಗಿ 2017ರ ಆಗಸ್ಟ್ 31ರಂದು ಹಾರಿಸಿದ 1ಎಚ್ ಉಪಗ್ರಹ, ರಾಕೆಟ್ಟಿನ ಶಾಖಕವಚ ಬೇರ್ಪಡದೆ ಅದರೊಳಗೇ ಸಿಕ್ಕಿಕೊಂಡಿತು. 2018ರ ಏಪ್ರಿಲ್ 12ರಂದು ಹೋದ 1ಐ ಆ ಜಾಗ ತುಂಬಿತು. ಮುಂದೆ 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ತಯಾರಿಸಿದ ಪರಮಾಣು ಗಡಿಯಾರವೂ ಸೇರಿತು.

ಇದನ್ನು ಬರಿಯ ಸ್ವದೇಶಿ ಹೆಮ್ಮೆಯ ಕತೆಯಾಗಿ ಓದಿದರೆ ಪಾಠ ತಪ್ಪಿಹೋಗುತ್ತದೆ. ಎರಡನೆಯ ಮೂಲದ ಗಡಿಯಾರ ಬಂತೆಂಬುದು ದೊಡ್ಡ ಲಾಭ. ಒಂದೇ ಅಚ್ಚಿನ ಮೂರು ಪ್ರತಿಗಳು ಬಿಡಿ ಬಿಡಿ ಸವೆತವನ್ನು ತಾಳಬಲ್ಲವು. ಅಚ್ಚಿನಲ್ಲೇ ಇರುವ ದೋಷದೆದುರು ಮೂರೂ ಸೇರಿ ಒಂದೇ.

ಸಾಫ್ಟ್‌ವೇರ್‌ನಲ್ಲಿ ಈ ಮಾತು ಇನ್ನೂ ನಿಷ್ಠುರ. ಗಡಿಯಾರವಾದರೂ ಒಂದರ ಹಿಂದೊಂದು ಕೆಡುತ್ತದೆ. ಸಾಫ್ಟ್‌ವೇರ್ ಸವೆಯುವುದಿಲ್ಲ, ಅದೇ ಇನ್‌ಪುಟ್ ಕೊಟ್ಟರೆ ಅದೇ ತಪ್ಪನ್ನು ಎಲ್ಲ ಪ್ರತಿಗಳೂ ಚಾಚೂ ತಪ್ಪದೆ ಮಾಡುತ್ತವೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ 40 ಸೆಕೆಂಡಿನೊಳಗೆ ಚೂರಾಯಿತು. ದಿಕ್ಕು ಹೇಳುವ ಅದರ ಘಟಕದ ಸಾಫ್ಟ್‌ವೇರ್ ಏರಿಯಾನ್-4ರಲ್ಲಿ ಯಶಸ್ವಿಯಾಗಿ ನಡೆದದ್ದು. ಹಾಗೇ ತಂದು ಕೂರಿಸಿದ್ದರು. ಹಳೆಯ ರಾಕೆಟ್ಟಿನ ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ 16 ಬಿಟ್‌ನ ಜಾಗದೊಳಗೆ, ಅಂದರೆ 32,767ರೊಳಗೆ ಇರುತ್ತದೆ ಎಂಬ ಊಹೆ ಅದರೊಳಗಿತ್ತು. ಹೊಸ ರಾಕೆಟ್ ಅದಕ್ಕಿಂತ ಚುರುಕು. ಸಂಖ್ಯೆ ಜಾಗ ಮೀರಿತು, ಘಟಕ ನಿಂತಿತು. ಪರ್ಯಾಯ ಘಟಕಕ್ಕೆ ಕೆಲಸ ವಹಿಸೋಣವೆಂದರೆ ಅದೂ ಅದೇ ಸಾಫ್ಟ್‌ವೇರ್, ಅದೇ ಕಾರಣಕ್ಕೆ ಕೆಲವು ಮಿಲಿಸೆಕೆಂಡು ಮೊದಲೇ ನಿಂತಿತ್ತು. ಒಂದೇ ಬಗೆಯ ಎರಡು ಘಟಕ ಇಟ್ಟವರಿಗೆ ಯಂತ್ರ ಕೆಡುವ ಭಯವಿತ್ತೇ ಹೊರತು ಬರಹ ತಪ್ಪುವ ಭಯವಿರಲಿಲ್ಲ.

ಹಾಗಾದರೆ ಬೇರೆ ಬೇರೆ ತಂಡಗಳಿಂದ ಬರೆಸಿದರೆ? ಅಮೆರಿಕದಲ್ಲಿ ಜಾನ್ ನೈಟ್ ಮತ್ತು ನ್ಯಾನ್ಸಿ ಲೆವ್ಸನ್ ಇದನ್ನೇ ಪರೀಕ್ಷಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಬೇಡಿಕೆಗೆ 27 ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಬರೆಸಿ, ಹತ್ತು ಲಕ್ಷ ಪರೀಕ್ಷೆಗೆ ಒಡ್ಡಿದರು. ಒಂದೊಂದೂ ಚೆನ್ನಾಗಿಯೇ ಇದ್ದವು. ಆದರೆ ತಪ್ಪಿದಾಗ, ಆಕಸ್ಮಿಕ ಎನ್ನಲಾಗದಷ್ಟು ಸಲ ಒಂದೇ ಕಡೆ ಒಟ್ಟಿಗೆ ತಪ್ಪಿದವು. ಕಷ್ಟದ ತಿರುವು ಎಲ್ಲರಿಗೂ ಕಷ್ಟವೇ. ಬೇರೆತನದಿಂದ ಉಪಯೋಗವಿಲ್ಲ ಎಂದು ಇದರ ಅರ್ಥವಲ್ಲ. ಲೆಕ್ಕ ಹಾಕಿದಷ್ಟು ಇಲ್ಲ ಎಂದಷ್ಟೇ. ಅದಕ್ಕೇ ಬೋಯಿಂಗ್ 777ರ ಹಾರಾಟ ನಿಯಂತ್ರಣದ ಕಂಪ್ಯೂಟರುಗಳಲ್ಲಿ ಇಂಟೆಲ್, ಮೊಟೊರೊಲಾ, ಎಎಂಡಿ ಎಂಬ ಮೂರು ಕಂಪನಿಗಳ ಪ್ರೊಸೆಸರ್‌ಗಳನ್ನು ಬೆರೆಸಿದರು, ಕಂಪೈಲರ್‌ಗಳನ್ನೂ ಬೇರೆ ಬೇರೆ ಇಟ್ಟರು.

ಸಾಮಾನ್ಯ ಕಚೇರಿಗೆ, ಬಂದರಿನ ಸೊಸೈಟಿಗೆ ಇಷ್ಟೆಲ್ಲ ಎಟುಕುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು: ಮೊದಲನೆಯದೂ ಅದರ ಬದಲಿಯೂ ಎಲ್ಲಿ ಒಂದೇ ಬೇರಿಗೆ ಅಂಟಿಕೊಂಡಿವೆ? ಎರಡು ಇಂಟರ್ನೆಟ್ ಸಂಪರ್ಕ ಇದ್ದು ಎರಡೂ ಒಂದೇ ಕಂಬದ ಮೇಲಿನ ಕೇಬಲ್ಲಿನಲ್ಲಿ ಬರುತ್ತಿದ್ದರೆ ಇರುವುದು ಒಂದೇ ಸಂಪರ್ಕ. ಬೋಟಿನಲ್ಲಿ ಜಿಪಿಎಸ್ಸೂ ವೈರ್‌ಲೆಸ್ಸೂ ಫೋನಿನ ಚಾರ್ಜರೂ ಒಂದೇ ಬ್ಯಾಟರಿಗೆ ಜೋತುಬಿದ್ದಿದ್ದರೆ, ಆ ಬ್ಯಾಟರಿಗೆ ನೀರು ನುಗ್ಗಿದ ದಿನ ಮೂರೂ ಒಟ್ಟಿಗೇ ಆರುತ್ತವೆ.

ಬಾಗಿಲಲ್ಲೊಬ್ಬ ಕಾವಲುಗಾರ

ಏರಿಯಾನ್ ಕತೆಯ ಎರಡನೆಯ ಅರ್ಧವನ್ನು ಹೆಚ್ಚಿನವರು ಹೇಳುವುದಿಲ್ಲ. ದಿಕ್ಕಿನ ಘಟಕ ನಿಲ್ಲುವಾಗ ‘ನನಗೆ ಹೀಗಾಗಿದೆ’ ಎಂಬ ದೋಷದ ಟಿಪ್ಪಣಿಯನ್ನು ಮುಖ್ಯ ಕಂಪ್ಯೂಟರ್‌ಗೆ ಕಳಿಸಿತು. ಮುಖ್ಯ ಕಂಪ್ಯೂಟರ್ ಆ ಟಿಪ್ಪಣಿಯ ಅಂಕಿಗಳನ್ನೇ ಹಾರಾಟದ ಮಾಹಿತಿ ಎಂದು ಓದಿಕೊಂಡಿತು. ರಾಕೆಟ್ ನೆಟ್ಟಗೆ ಹೋಗುತ್ತಿದ್ದರೂ ದಾರಿ ತಪ್ಪಿದೆ ಎಂದು ನಂಬಿ ನಳಿಕೆಗಳನ್ನು ಪೂರ್ತಿ ತಿರುಗಿಸಿತು. ಬಂದ ಅಂಕಿ ಸಾಧ್ಯವೇ ಎಂದು ನೋಡುವವರು ನಡುವೆ ಯಾರೂ ಇರಲಿಲ್ಲ.

ಹೊರಗಿಂದ ತಂದ ಭಾಗದ ಸುತ್ತ ನಾವೇ ಬರೆಯುವ ತೆಳುವಾದ ಪದರವನ್ನು ಎಂಜಿನಿಯರುಗಳು ರ‍್ಯಾಪರ್ ಎನ್ನುತ್ತಾರೆ. ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ತಪಾಸಣೆ ಮಾಡುವುದು ಅದರ ಕೆಲಸ. ಭಾಗದ ಒಡಲು ಬಿಚ್ಚಲಾಗದಿದ್ದರೂ ಅದರ ಬಾಯಿಗೆ ಕಾವಲು ಹಾಕಬಹುದು.

ಬೋಟಿನ ಜಿಪಿಎಸ್ಸನ್ನೇ ತೆಗೆದುಕೊಳ್ಳೋಣ. ತದಡಿ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶ, 74.4 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಇಲ್ಲಿಂದ ಹೊರಟ ಬೋಟಿನ ಸ್ಥಾನ ಇದರ ಆಸುಪಾಸಿನ ಕಡಲಿನೊಳಗೇ ಇರಬೇಕು. ಉಪಗ್ರಹ ಸಿಗದಾಗ ಕೆಲವು ರಿಸೀವರ್‌ಗಳು ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ ಎಂದು ಕೊಡುತ್ತವೆ. ಆ ಜಾಗ ಆಫ್ರಿಕಾದ ಘಾನಾದ ದಕ್ಷಿಣಕ್ಕಿರುವ ಗಿನಿ ಕೊಲ್ಲಿ. ‘ಬೋಟು ನೀರಿನ ಮೇಲೇ ಇದೆಯೇ’ ಎಂದಷ್ಟೇ ಪರೀಕ್ಷಿಸುವ ಆ್ಯಪ್ ಇದನ್ನು ಸರಿ ಎಂದೇ ಒಪ್ಪಿಬಿಡುತ್ತದೆ! ಆದ್ದರಿಂದ ಎರಡನೆಯ ಪರೀಕ್ಷೆ ಬೇಕು. ಹತ್ತು ನಾಟ್ ವೇಗದ ಬೋಟು ಸೆಕೆಂಡಿಗೆ ಐದು ಮೀಟರ್‌ಗಿಂತ ಸ್ವಲ್ಪ ಹೆಚ್ಚು ಸಾಗುತ್ತದೆ. ಹತ್ತು ಸೆಕೆಂಡಿನ ಅಂತರದ ಎರಡು ಸ್ಥಾನಗಳ ನಡುವೆ ಐವತ್ತು, ಹೆಚ್ಚೆಂದರೆ ನೂರು ಮೀಟರ್ ಇರಬಹುದು. ಗೋಕರ್ಣದ ಎದುರು ಬಲೆ ಎಳೆಯುತ್ತಿದ್ದ ಬೋಟು ಮರುಗಳಿಗೆ ಯಾಣದ ಬಂಡೆಗಳ ನಡುವೆ ಕಾಣಿಸಿಕೊಂಡರೆ ಆ ಅಂಕಿಯನ್ನು ಬಾಗಿಲಲ್ಲೇ ತಡೆಯಬೇಕು.

ಮೂರನೆಯದು ದಿನಾಂಕದ ಪರೀಕ್ಷೆ. ಜಿಪಿಎಸ್ ವಾರಗಳನ್ನು ಹತ್ತು ಬಿಟ್‌ನಲ್ಲಿ ಎಣಿಸುವುದರಿಂದ 1024 ವಾರಕ್ಕೊಮ್ಮೆ, ಅಂದರೆ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರಂದು ಹೀಗಾದಾಗ ಇದಕ್ಕೆ ಸಜ್ಜಾಗಿರದ ಹಳೆಯ ರಿಸೀವರ್‌ಗಳ ಪಾಲಿಗೆ ಇಸವಿ 1999 ಆಗಿಬಿಟ್ಟಿತು. ‘ಈ ಸಾಫ್ಟ್‌ವೇರ್ ತಯಾರಾದ ದಿನಕ್ಕಿಂತ ಹಿಂದಿನ ದಿನಾಂಕ ಬಂದರೆ ನಂಬಬೇಡ’ ಎಂಬ ಒಂದು ಸಾಲು ರ‍್ಯಾಪರ್‌ನಲ್ಲಿದ್ದರೆ ತಪ್ಪು ತಾರೀಖು ಅಲ್ಲಿಂದ ಮುಂದೆ ಹರಿಯುವುದಿಲ್ಲ.

ತಡೆದ ಮೇಲೆ ಏನು ತೋರಿಸಬೇಕು? ಪರದೆ ಖಾಲಿ ಬಿಟ್ಟರೆ ತಾಂಡೇಲ ಗಾಬರಿಯಾಗುತ್ತಾನೆ. ಹಳೆಯ ಸ್ಥಾನವನ್ನೇ ಹೊಸದೆಂಬಂತೆ ತೋರಿಸಿದರೆ ಮೋಸ ಹೋಗುತ್ತಾನೆ. ‘ಇದು ಹನ್ನೆರಡು ನಿಮಿಷದ ಹಿಂದಿನ ಸ್ಥಾನ’ ಎಂದು ಹೇಳಿ ತೋರಿಸಿದರೆ ದಿಕ್ಸೂಚಿ ನೋಡಿ ಮಿಕ್ಕ ಲೆಕ್ಕ ಅವನೇ ಹಾಕಿಕೊಳ್ಳುತ್ತಾನೆ.

ಎಷ್ಟು ಹೊತ್ತು ಕಾಯುವುದು, ಎಷ್ಟು ಸಲ ಕೇಳುವುದು

ತಪ್ಪು ಉತ್ತರ ಕೊಡುವ ಭಾಗಕ್ಕಿಂತ ಉತ್ತರವನ್ನೇ ಕೊಡದ ಭಾಗ ಹೆಚ್ಚು ಕಾಡುತ್ತದೆ. ಬಂದರಿನಲ್ಲಿ ಬಂಗುಡೆ ಕೊಂಡವನು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನಿಂತಿರುತ್ತಾನೆ. ‘ಅಕ್ಕಾ, ಬಂತಾ?’ ‘ಡಬ್ಬಿ ಇನ್ನೂ ಕೂಗ್ಲಿಲ್ಲ ತಮಾ.’ ಹಣ ಹೋಗಿದೆಯೋ, ಹೋಗಿಲ್ಲವೋ, ದಾರಿಯಲ್ಲಿದೆಯೋ? ಬಿಡಿಭಾಗಗಳ ಜಗತ್ತಿನಲ್ಲಿ ಆಯಿತು, ಆಗಲಿಲ್ಲ ಎಂಬ ಎರಡು ಉತ್ತರಗಳ ಜೊತೆಗೆ ‘ತಿಳಿಯದು’ ಎಂಬ ಮೂರನೆಯದೊಂದು ಸದಾ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದ ಸಾಫ್ಟ್‌ವೇರ್ ಒಂದೋ ಕಾಯುತ್ತಲೇ ಕೂರುತ್ತದೆ, ಇಲ್ಲವೇ ಕೇಳಿದ್ದನ್ನೇ ಕೇಳುತ್ತದೆ.

ಕೇಳಿದ್ದನ್ನೇ ಕೇಳಿದರೆ ಏನಾಗುತ್ತದೆಂದು 2025ರ ಏಪ್ರಿಲ್ 12ರಂದು ದೇಶವೇ ನೋಡಿತು. ಅಂದು ಯುಪಿಐ ಗಂಟೆಗಟ್ಟಲೆ ತಡವರಿಸಿತು. ಕೆಲವು ಬ್ಯಾಂಕುಗಳ ಕಡೆಯಿಂದ ‘ಆ ವಹಿವಾಟು ಏನಾಯಿತು’ ಎಂಬ ವಿಚಾರಣೆಗಳು ಪ್ರವಾಹದಂತೆ ನುಗ್ಗಿದ್ದೇ ಕಾರಣವೆಂದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಗುರುತಿಸಿತು. ಒಂದು ಕಡೆ ಸ್ವಲ್ಪ ನಿಧಾನವಾದರೆ ಕಾಯುವವರೆಲ್ಲ ಮತ್ತೆ ಕೇಳುತ್ತಾರೆ. ಆ ಕೇಳಿಕೆಗಳಿಂದ ಅದು ಇನ್ನೂ ನಿಧಾನವಾಗುತ್ತದೆ. ಆಗ ಇನ್ನಷ್ಟು ಕೇಳುತ್ತಾರೆ. 2025ರ ಆಗಸ್ಟ್ 1ರಿಂದ ಬಾಕಿಯಿರುವ ವಹಿವಾಟಿನ ಸ್ಥಿತಿ ವಿಚಾರಿಸಲು ಮೂರು ಸಲವಷ್ಟೇ ಅವಕಾಶ, ನಡುವೆ 90 ಸೆಕೆಂಡಿನ ಅಂತರ ಕಡ್ಡಾಯ ಎಂಬ ನಿಯಮ ಬಂತು.

ಈ ಕಾಯಿಲೆಗೆ ನಾಲ್ಕು ಮದ್ದುಗಳು ಬಳಕೆಯಲ್ಲಿವೆ. ಪ್ರತಿ ಕರೆಗೂ ಒಂದು ಗಡುವು ಹಾಕು, ಅದು ದಾಟಿದರೆ ಕಾಯಬೇಡ. ಮತ್ತೆ ಕೇಳುವುದಾದರೆ ಪ್ರತಿ ಸಲವೂ ಅಂತರವನ್ನು ದುಪ್ಪಟ್ಟು ಮಾಡು, ಎಲ್ಲರೂ ಒಂದೇ ಕ್ಷಣಕ್ಕೆ ಕೇಳದಂತೆ ಅಂತರವನ್ನು ಸ್ವಲ್ಪ ಅತ್ತಿತ್ತ ಚದುರಿಸು. ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕೊಡು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಹಣ ಮತ್ತೆ ಕಡಿತವಾಗದೆ ಹಳೆಯ ಉತ್ತರವೇ ಮರಳಲಿ. ನಾಲ್ಕನೆಯದು ಸರ್ಕ್ಯೂಟ್ ಬ್ರೇಕರ್: ಎದುರಿನ ಭಾಗ ಸತತವಾಗಿ ಸೋಲುತ್ತಿದ್ದರೆ ಮನೆಯ ಎಂಸಿಬಿ ಸ್ವಿಚ್ಚಿನಂತೆ ಸಂಪರ್ಕವನ್ನೇ ಕಡಿದು, ಸ್ವಲ್ಪ ಹೊತ್ತು ಬಿಟ್ಟು ಒಂದೇ ಒಂದು ಕರೆ ಕಳಿಸಿ ಚೇತರಿಸಿಕೊಂಡಿದೆಯೇ ಎಂದು ನೋಡುವುದು.

ಸಮುದ್ರದ ಮಧ್ಯೆ ‘ತಿಳಿಯದು’ ಎಂಬ ಉತ್ತರ ಇನ್ನೂ ಭಾರ. ಇಸ್ರೊ ರೂಪಿಸಿದ ಸಂಕಟ ಸಂದೇಶದ ಉಪಕರಣ ‘ಡ್ಯಾಟ್’ 2010ರಿಂದ ಬಳಕೆಯಲ್ಲಿದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ದೋಣಿಗಳಿಗೆ ಹೋಗಿದೆ. ಗುಂಡಿ ಒತ್ತಿದರೆ ದೋಣಿಯ ಗುರುತು ಮತ್ತು ಸ್ಥಾನ ಉಪಗ್ರಹದ ಮೂಲಕ ಬೆಂಗಳೂರಿನ ನಿಯಂತ್ರಣ ಕೇಂದ್ರ ತಲುಪಿ, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ಹೋಗುತ್ತದೆ. ಆದರೆ ಮೊದಲ ತಲೆಮಾರಿನ ಉಪಕರಣದಲ್ಲಿ ಮಾತು ಒಂದೇ ದಿಕ್ಕಿಗೆ. ಸಂದೇಶ ಮುಟ್ಟಿತೇ ಎಂದು ಒತ್ತಿದವನಿಗೆ ಗೊತ್ತಾಗುತ್ತಿರಲಿಲ್ಲ. ಎರಡನೆಯ ತಲೆಮಾರಿನಲ್ಲಿ ದಡದಿಂದ ಸ್ವೀಕೃತಿ ಮರಳಿ ಬರುತ್ತದೆ. ಹವಾಮಾನದ ಎಚ್ಚರಿಕೆಯನ್ನೂ ಕಳಿಸಬಹುದು. ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸಿ ತಮ್ಮ ಭಾಷೆಯಲ್ಲಿ ಓದಿಕೊಳ್ಳಬಹುದು. ನೋಡಲು ಸಣ್ಣದೆನಿಸಿದರೂ ಹೊಸ ಉಪಕರಣದ ನಿಜವಾದ ಬಲ ಆ ಸ್ವೀಕೃತಿಯಲ್ಲಿದೆ.

ಒಂದು ಕೋಣೆಗೆ ನೀರು ನುಗ್ಗಿದರೆ

ಹಡಗಿನ ಒಡಲನ್ನು ಅಡ್ಡಗೋಡೆ ಹಾಕಿ ಕೋಣೆ ಕೋಣೆ ಮಾಡುವುದು ಒಂದು ಕೋಣೆ ತುಂಬಿದರೂ ಹಡಗು ತೇಲಲಿ ಎಂದು. ಸಾಫ್ಟ್‌ವೇರ್ ವಿನ್ಯಾಸದವರು ಇದನ್ನು ಹೆಸರಿನ ಸಮೇತ ಎರವಲು ಪಡೆದು ಬಲ್ಕ್‌ಹೆಡ್ ಎನ್ನುತ್ತಾರೆ. ನಕಾಶೆಯ ಭಾಗ ಮೆಮೊರಿಯನ್ನೆಲ್ಲ ನುಂಗಿದರೂ ಸಂಕಟ ಸಂದೇಶದ ಭಾಗಕ್ಕೆ ತನ್ನ ಪಾಲಿನದು ಉಳಿದಿರಬೇಕು. ಫೋನು ಸತ್ತರೂ ಉಪಕರಣದ ಕರೆ ನಿಲ್ಲಬಾರದು. ಕರೆ ಕಳಿಸುವುದು ಉಪಕರಣ, ಫೋನು ಓದಲು ಪರದೆಯಷ್ಟೇ ಎಂಬ ವಿಂಗಡಣೆ ಸರಿಯಾಗಿರುವುದು ಈ ಕಾರಣಕ್ಕೆ.

ಕೋಣೆಗಳ ಮೇಲೆ ನಿಗಾ ಇಡಲು ಒಬ್ಬರು ಬೇಕು. ವಾಚ್‌ಡಾಗ್ ಎಂಬ ಗಡಿಯಾರ ಆ ಕೆಲಸ ಮಾಡುತ್ತದೆ. ‘ನಾನು ಬದುಕಿದ್ದೇನೆ’ ಎಂಬ ಸಂಕೇತ ಹೊತ್ತಿಗೆ ಸರಿಯಾಗಿ ಬರದಿದ್ದರೆ ಹಿಂದೆಮುಂದೆ ನೋಡದೆ ಆ ಭಾಗವನ್ನು ಹೊಸದಾಗಿ ಶುರುಮಾಡುತ್ತದೆ. 1997ರ ಜುಲೈ 4ರಂದು ಮಂಗಳ ಗ್ರಹಕ್ಕಿಳಿದ ಪಾತ್‌ಫೈಂಡರ್ ನೌಕೆ ಕೆಲವೇ ದಿನಗಳಲ್ಲಿ ಪದೇ ಪದೇ ತಾನಾಗಿಯೇ ರೀಸೆಟ್ ಆಗತೊಡಗಿತು. ಅದರ ಆಪರೇಟಿಂಗ್ ಸಿಸ್ಟಂ ವಿಎಕ್ಸ್‌ವರ್ಕ್ಸ್ ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಸಾಮಾನು. ಕಡಿಮೆ ಮಹತ್ವದ ಒಂದು ಕೆಲಸ ಬೀಗ ಹಿಡಿದು ಕೂತಿತ್ತು, ಅತಿ ಮಹತ್ವದ್ದು ಅದಕ್ಕಾಗಿ ಕಾಯುತ್ತಿತ್ತು, ನಡುವಿನ ದರ್ಜೆಯದು ಇಬ್ಬರನ್ನೂ ಬಿಡದೆ ಹೊತ್ತು ಕಬಳಿಸುತ್ತಿತ್ತು. ವಾಚ್‌ಡಾಗ್ ಪ್ರತಿ ಸಲವೂ ರೀಸೆಟ್ ಮಾಡಿ ನೌಕೆಯನ್ನು ಉಳಿಸಿತು. ಭೂಮಿಯಲ್ಲಿದ್ದ ತದ್ರೂಪಿ ವ್ಯವಸ್ಥೆಯಲ್ಲಿ ಅದೇ ತೊಂದರೆಯನ್ನು ಮರುಸೃಷ್ಟಿಸಿದ ಎಂಜಿನಿಯರುಗಳು, ಆ ಸಿದ್ಧ ಸಾಮಾನಿನಲ್ಲೇ ಇದ್ದ ಒಂದು ಆಯ್ಕೆಯನ್ನು ಚಾಲೂ ಮಾಡಿ ಸರಿಪಡಿಸಿದರು. ದೋಷದ ಮೂಲ ತಿಳಿಯುವ ಮೊದಲೇ ಅದರಿಂದ ಬದುಕಿ ಉಳಿಯುವ ದಾರಿ ಇತ್ತಲ್ಲ, ಅದು ಮುಖ್ಯ.

ಕಾಗದದ ಬೋರ್ಡಿಂಗ್ ಪಾಸ್

ಇಷ್ಟಾದರೂ ಕೆಲವು ದಿನ ಎಲ್ಲವೂ ಕೂರುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ನ ಒಂದು ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಹೊಸ ಕಡತ 21 ಅಂಶಗಳನ್ನು ಬಯಸಿತ್ತು, ಅದನ್ನು ಓದುವ ಪ್ರೋಗ್ರಾಂ ಒದಗಿಸಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಯಂತ್ರವೇ ಕುಸಿಯಿತು. ಕಾಯಲು ಇಟ್ಟದ್ದೇ ಕೆಡವಿತು. ನಂಬಿದ ಎಮ್ಮೆ ಕೋಣ ಈಯಿತು ಎನ್ನುವುದು ಇದಕ್ಕೇ. ಆ ಅಪ್‌ಡೇಟನ್ನು ಮೊದಲು ಕೆಲವೇ ಯಂತ್ರಗಳಿಗೆ ಬಿಟ್ಟು ನೋಡಿದ್ದರೆ ಹಾನಿ ಅಲ್ಲಿಗೇ ನಿಲ್ಲುತ್ತಿತ್ತು.

ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸ್ ಬರೆದು ಕೊಟ್ಟರು. ಜಾಲತಾಣಗಳಲ್ಲಿ ಅದರ ಚಿತ್ರಗಳನ್ನು ಹಂಚಿ ನಕ್ಕವರೇ ಹೆಚ್ಚು. ನಿಜಕ್ಕೂ ಅಂದಿನ ದಿನ ಸರಿಯಾಗಿ ನಡೆದ ದೋಷ ಸಹಿಷ್ಣುತೆ ಅದೊಂದೇ. ಪೂರ್ತಿ ಸೇವೆ ಸಿಗದಿದ್ದರೆ ಮುಕ್ಕಾಲು, ಅದಿಲ್ಲದಿದ್ದರೆ ಅರ್ಧ, ಕೊನೆಗೆ ಕಾಗದ ಎಂಬ ಮೆಟ್ಟಿಲುಗಳನ್ನು ಮೊದಲೇ ಯೋಚಿಸಿಡಬೇಕು. ಬೋಟಿನಲ್ಲೂ ಹಾಗೆಯೇ. ಉಪಗ್ರಹ, ವೈರ್‌ಲೆಸ್, ಟವರ್ ಸಿಗುವಷ್ಟು ಹತ್ತಿರದಲ್ಲಿದ್ದರೆ ಕರಾವಳಿ ರಕ್ಷಣಾ ಪಡೆಯ 1554, ಕೊನೆಗೆ ದಿಕ್ಸೂಚಿ ಮತ್ತು ಹೊಗೆ ಸಂಕೇತ. ಪ್ರತಿ ಮೆಟ್ಟಿಲೂ ಮೇಲಿನದಕ್ಕಿಂತ ಸರಳ, ಮತ್ತು ಮೇಲಿನದನ್ನು ಅವಲಂಬಿಸಿಲ್ಲ.

ಮುರಿದು ನೋಡಿದ ಮೇಲೇ ನಂಬಿಕೆ

ಬದಲಿ ವ್ಯವಸ್ಥೆಯ ದೊಡ್ಡ ಶತ್ರು ಅದನ್ನು ಬಳಸದೇ ಇರುವುದು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಬದಲಿ ಸರ್ವರ್, ಬೇಕಾದ ದಿನ ಏಳುವುದಿಲ್ಲ. ನೆಟ್‌ಫ್ಲಿಕ್ಸ್ ಎಂಜಿನಿಯರುಗಳು ಇದಕ್ಕೆ ‘ಕೇಯಾಸ್ ಮಂಕಿ’ ಎಂಬ ಪ್ರೋಗ್ರಾಂ ಬರೆದರು. ಕೆಲಸದ ಹೊತ್ತಿನಲ್ಲೇ ಅದು ಯಾವುದಾದರೊಂದು ಸರ್ವರನ್ನು ಸುಮ್ಮನೆ ಕೆಡವುತ್ತದೆ. ಹೇಗೂ ಕೆಡುವುದಾದರೆ ಎಲ್ಲರೂ ಎಚ್ಚರವಿರುವಾಗಲೇ ಕೆಡಲಿ ಎಂಬುದು ತರ್ಕ. ಸಿದ್ಧ ಭಾಗಗಳ ವಿಷಯದಲ್ಲಿ ಇದು ಇನ್ನೂ ಬೇಕು, ಏಕೆಂದರೆ ಅವುಗಳ ಒಡಲು ನೋಡಲಾಗದವರಿಗೆ ಉಳಿಯುವ ದಾರಿ, ಕೆಣಕಿ ನೋಡುವುದೊಂದೇ. ನೆಟ್‌ವರ್ಕ್ ಕಡಿದು, ಕಸದಂಥ ಅಂಕಿ ಕೊಟ್ಟು, ಉತ್ತರವನ್ನು ಮೂವತ್ತು ಸೆಕೆಂಡು ತಡಮಾಡಿ, ನಮ್ಮ ಭಾಗ ಏನು ಮಾಡುತ್ತದೆಂದು ಗಮನಿಸಬೇಕು.

ಕರಾವಳಿಗೆ ಇದಕ್ಕೆ ಹೇಳಿಮಾಡಿಸಿದ ಕಾಲವಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಎಂಜಿನ್ ಬಿಚ್ಚುವುದು, ಬಲೆ ಹೊಲಿಯುವುದು, ಬಣ್ಣ ಬಳಿಯುವುದು ಎಲ್ಲ ಆಗಲೇ. ತದಡಿಯಿರಲಿ, ಹೊನ್ನಾವರ, ಭಟ್ಕಳವಿರಲಿ, ಕ್ಯಾಬಿನ್ನಿನ ಡಬ್ಬಿಗಳ ಪರೀಕ್ಷೆಯೂ ಆ ಪಟ್ಟಿಗೆ ಸೇರಬೇಕು. ಬ್ಯಾಟರಿ ಕಳಚಿ ನೋಡುವುದು, ಫೋನು ಆರಿಸಿ ನೋಡುವುದು, ಆಂಟೆನಾ ಬಿಚ್ಚಿ ನೋಡುವುದು, ಪರೀಕ್ಷಾ ಸಂದೇಶಕ್ಕೆ ಅನುಮತಿ ಪಡೆದು ಸ್ವೀಕೃತಿ ಬರುತ್ತದೆಯೇ ಎಂದು ಕಾಯುವುದು.

ಇದಕ್ಕೆಲ್ಲ ಖರ್ಚಿದೆ, ಕೆಲಸವೂ ನಿಧಾನವಾಗುತ್ತದೆ. ಎಲ್ಲ ಭಾಗಕ್ಕೂ ಇಷ್ಟು ಕಾವಲು ಬೇಡ; ಮೀನಿನ ದರ ತೋರಿಸುವ ಪರದೆ ಒಂದು ದಿನ ನಿಂತರೆ ಯಾರೂ ಮುಳುಗುವುದಿಲ್ಲ. ಯಾವ ಭಾಗ ನಿಂತರೆ ಜೀವ, ಹಣ, ದಾಖಲೆ ಹೋಗುತ್ತದೋ ಅದರ ಸುತ್ತ ಮೊದಲು ಖರ್ಚು ಮಾಡಬೇಕು. ನಮ್ಮ ಇಲಾಖೆಗಳ, ಬ್ಯಾಂಕುಗಳ, ಸೊಸೈಟಿಗಳ ಖರೀದಿ ಪತ್ರಗಳಲ್ಲಿ ವೇಗ, ಬೆಲೆ, ವಾರಂಟಿಯ ಕಲಮುಗಳು ಪುಟಗಟ್ಟಲೆ ಇರುತ್ತವೆ. ಅವುಗಳ ಜೊತೆ ಇನ್ನೂ ನಾಲ್ಕು ಪ್ರಶ್ನೆಗಳು ಸೇರಲಿ: ಈ ಭಾಗ ನಿಂತರೆ ಏನೇನು ನಿಲ್ಲುತ್ತದೆ? ನಿಂತದ್ದು ನಮಗೆ ಎಷ್ಟು ಹೊತ್ತಿನಲ್ಲಿ ತಿಳಿಯುತ್ತದೆ? ಇದರ ಬದಲಿ ಇದಕ್ಕಿಂತ ಎಷ್ಟು ಬೇರೆಯಾಗಿದೆ? ಅದನ್ನು ಕೊನೆಯ ಸಲ ಕೆಡವಿ ನೋಡಿದ್ದು ಯಾವಾಗ? ಉತ್ತರ ಗೊತ್ತಿಲ್ಲ ಎಂದವರ ಜೊತೆ ಕೂತು ಮಾತಾಡಬಹುದು. ‘ನಮ್ಮದು ಕೆಡುವುದೇ ಇಲ್ಲ ಸಾರ್’ ಎಂದವರ ಟೆಂಡರನ್ನು ಮಾತ್ರ ಅಲ್ಲಿಗೇ ಬದಿಗಿಡುವುದು ಒಳ್ಳೆಯದು.